ಸಿ ಪ್ರೋಗ್ರಾಮಿನಲ್ಲಿ ವೆಬ್‌ಸಾಕೆಟ್: ಕಾಲ್‌ಬ್ಯಾಕ್ ತಂದುಕೊಡುವ ತುಣುಕುಗಳು

ಸಿರ್ಸಿಯ ಹತ್ತಿರ ನಮ್ಮ ಅಡಿಕೆ ತೋಟದ ಅಂಚಿನಲ್ಲಿ ಒಂದು ಮಳೆಮಾಪಕವಿದೆ. ಅದರೊಳಗಿನ ಪುಟ್ಟ ಬಟ್ಟಲು 0.2 ಮಿ.ಮೀ. ಮಳೆಗೊಮ್ಮೆ ತುಂಬಿ ಮಗುಚಿಕೊಳ್ಳುತ್ತದೆ. ಮಗುಚಿದಾಗಲೆಲ್ಲ ಮನೆಯೊಳಗಿನ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಆ ಸಂಗತಿಯನ್ನು ಒಂದು ಬಾಡಿಗೆ ಸರ್ವರಿಗೆ ಕಳಿಸುತ್ತದೆ. ಅಲ್ಲಿಂದ ಅದು ವೆಬ್‌ಸಾಕೆಟ್ (ಎರಡೂ ಕಡೆಯಿಂದ ಸಂದೇಶ ಕಳಿಸಲು ತೆರೆದೇ ಇರುವ ಸಂಪರ್ಕ) ಮೂಲಕ ಕಾರವಾರದ ನನ್ನ ಮನೆಯ ಗೋಡೆಯಲ್ಲಿರುವ ಪರದೆಗೆ ಬರುತ್ತದೆ. ಆಷಾಢದಲ್ಲಿ ಈ ಅಂಕಿಗಳಿಗೆ ಬೆಲೆ ಬರುವುದು ಅಡಿಕೆಗೆ ಬರುವ ಕೊಳೆರೋಗದ ಕಾರಣದಿಂದ. ಅದರ ಮದ್ದಾದ, ಮೈಲುತುತ್ತ ಮತ್ತು ಸುಣ್ಣ ಸೇರಿಸಿ ತಯಾರಿಸಿದ ಶೇ. 1ರ ಬೋರ್ಡೋ ದ್ರಾವಣ ಅಡಿಕೆ ಕೊನೆಗಳ (ಗೊನೆಗಳ) ಮೇಲೆ ಒಣಗಿ ಅಂಟಿಕೊಳ್ಳಬೇಕಾದರೆ ಮಳೆ ಕೆಲವು ಗಂಟೆಯಾದರೂ ಹೊಳವಾಗಬೇಕು. ಎರಡನೆಯ ಸಲದ ಮದ್ದು ಹೊಡೆಯಲು ಮರ ಹತ್ತುವ ಕೊನೆಗೌಡನಿಗೆ ಯಾವಾಗ ಹೇಳಿಕಳಿಸಬೇಕು ಎಂದು ಅಪ್ಪಯ್ಯ ಮತ್ತು ನಾನು ಫೋನಿನಲ್ಲಿ ಲೆಕ್ಕ ಹಾಕುವಾಗ ಇಬ್ಬರ ಮುಂದೆಯೂ ಒಂದೇ ಅಂಕಿ ಇರಲಿ ಎಂಬುದಷ್ಟೇ ಈ ಏರ್ಪಾಡಿನ ಉದ್ದೇಶ. ಅಂಕಿಗಳ ಜೊತೆಗೆ ಅಪ್ಪಯ್ಯ ಕನ್ನಡದಲ್ಲಿ ಬರೆಯುವ ಚಿಕ್ಕ ಟಿಪ್ಪಣಿಗಳೂ ಅದೇ ದಾರಿಯಲ್ಲಿ ಬರುತ್ತವೆ.

ಪರದೆಯನ್ನು ನಡೆಸುವ ಪ್ರೋಗ್ರಾಮ್ ಮೊದಲಿನಿಂದಲೂ ಸಿ ಭಾಷೆಯಲ್ಲಿದೆ. ಆದ್ದರಿಂದ ದತ್ತಾಂಶವನ್ನು ಬರಮಾಡಿಕೊಳ್ಳುವ ಭಾಗವನ್ನೂ ಸಿ ಭಾಷೆಯಲ್ಲಿಯೇ, ಜಾಲದ ಮೂಲಕ ದತ್ತಾಂಶ ತರುವ ಲಿಬ್‌ಕರ್ಲ್ ಎಂಬ ಲೈಬ್ರರಿಯನ್ನು (ಸಿದ್ಧ ಫಂಕ್ಷನುಗಳ ಸಂಗ್ರಹವನ್ನು) ಬಳಸಿ ಬರೆದಿದ್ದೇನೆ. ಈ ಬರಹದ ವಿಷಯ ಆ ಭಾಗ ಮಾತ್ರ. ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಬರೆದು ಅಭ್ಯಾಸವಿದ್ದವರಿಗೆ ವೆಬ್‌ಸಾಕೆಟ್ ಎಂದರೆ ಇಡೀ ಸಂದೇಶವೇ ಕೈಗೆ ಬರುವ ವ್ಯವಸ್ಥೆ. ತುಣುಕುಗಳನ್ನು ಜೋಡಿಸುವ ಕೆಲಸವನ್ನೆಲ್ಲ ಬ್ರೌಸರ್ ಮೊದಲೇ ಮುಗಿಸಿರುತ್ತದೆ. ಸಿ ಭಾಷೆಯ ಕಾಲ್‌ಬ್ಯಾಕಿಗೆ, ಅಂದರೆ ದತ್ತಾಂಶ ಬಂದಾಗ ಲೈಬ್ರರಿಯೇ ಕರೆಯುವ ನಮ್ಮ ಫಂಕ್ಷನಿಗೆ, ಬರುವುದು ಆ ಕ್ಷಣದಲ್ಲಿ ಬಂದು ತಲುಪಿದ ಬೈಟುಗಳಷ್ಟೇ. ಅವು ಯಾವ ಸಂದೇಶದ ಯಾವ ಭಾಗ, ಇನ್ನೆಷ್ಟು ಬರಬೇಕು, ಹಿಂದೆ ಬಂದದ್ದು ಎಲ್ಲಿದೆ ಎಂಬುದನ್ನೆಲ್ಲ ಒಂದು ಕರೆಯಿಂದ ಇನ್ನೊಂದು ಕರೆಗೆ ನೆನಪಿಟ್ಟುಕೊಂಡು ಹೋಗುವ ಹೊಣೆ ನಮ್ಮದು. ವೆಬ್‌ಸಾಕೆಟ್ ಕಾಲ್‌ಬ್ಯಾಕ್ ಬರೆಯುವುದೆಂದರೆ ಬಹುಪಾಲು ಈ ನೆನಪನ್ನು ಸರಿಯಾಗಿ ಕಟ್ಟುವುದು ಎಂದೇ ನನ್ನ ಅಭಿಪ್ರಾಯ.

ಪ್ರೋಟೋಕಾಲಿನ ಬಗ್ಗೆ ಎರಡು ಮಾತು. 2011ರ ಡಿಸೆಂಬರಿನಲ್ಲಿ ಪ್ರಕಟವಾದ ಆರ್‌ಎಫ್‌ಸಿ 6455 ವೆಬ್‌ಸಾಕೆಟ್‌ನ ಮೂಲ ದಾಖಲೆ. ಸಂಪರ್ಕ ಆರಂಭವಾಗುವುದು ಸಾಮಾನ್ಯ ಎಚ್‌ಟಿಟಿಪಿ ಕೋರಿಕೆಯಿಂದಲೇ. ಸರ್ವರ್ 101 ಎಂಬ ಉತ್ತರ ಕೊಟ್ಟ ಮೇಲೆ ಅದೇ ಟಿಸಿಪಿ ಸಂಪರ್ಕದಲ್ಲಿ ಎರಡೂ ಕಡೆಯಿಂದ ಫ್ರೇಮುಗಳು, ಅಂದರೆ ಒಂದು ತಲೆ ಮತ್ತು ಹೂರಣ (ಒಳಗಿನ ದತ್ತಾಂಶ) ಇರುವ ಪೊಟ್ಟಣಗಳು, ಓಡಾಡತೊಡಗುತ್ತವೆ. ಪ್ರತಿ ಫ್ರೇಮಿನ ತಲೆಯಲ್ಲಿ ಅದರ ಬಗೆ, ಅದು ಸಂದೇಶದ ಕೊನೆಯ ಫ್ರೇಮೇ ಎಂದು ತಿಳಿಸುವ ಒಂದು ಬಿಟ್ ಮತ್ತು ಹೂರಣದ ಉದ್ದ ಇರುತ್ತವೆ. ಉದ್ದ 125 ಬೈಟಿನವರೆಗೆ ಇದ್ದರೆ 7 ಬಿಟ್‌ಗಳೊಳಗೇ ಅಡಗುತ್ತದೆ, ಅದನ್ನು ಮೀರಿದರೆ 16 ಬಿಟ್, ಇನ್ನೂ ಮೀರಿದರೆ 64 ಬಿಟ್ ಹೆಚ್ಚುವರಿಯಾಗಿ ಬೇಕಾಗುತ್ತವೆ. ಪಠ್ಯ ಮತ್ತು ಬೈನರಿ ಫ್ರೇಮುಗಳಲ್ಲದೆ ಪಿಂಗ್ (ಇದ್ದೀಯಾ ಎಂಬ ವಿಚಾರಣೆ), ಪಾಂಗ್ (ಅದಕ್ಕೆ ಉತ್ತರ), ಕ್ಲೋಸ್ (ಮುಚ್ಚುವ ಸೂಚನೆ) ಎಂಬ ನಿಯಂತ್ರಣ ಫ್ರೇಮುಗಳೂ ಇವೆ. ಅವುಗಳ ಹೂರಣ 125 ಬೈಟನ್ನು ದಾಟುವಂತಿಲ್ಲ ಮತ್ತು ಅವನ್ನು ತುಂಡು ಮಾಡುವಂತಿಲ್ಲ. ಆದರೆ ಉದ್ದನೆಯ ಸಂದೇಶವೊಂದರ ಎರಡು ಫ್ರೇಮುಗಳ ನಡುವೆ ಅವು ತೂರಿಕೊಂಡು ಬರಬಹುದು.

ಲಿಬ್‌ಕರ್ಲ್‌ಗೆ ವೆಬ್‌ಸಾಕೆಟ್ ಬಂದದ್ದು 2022ರ 7.86.0 ಆವೃತ್ತಿಯಲ್ಲಿ, ಪ್ರಾಯೋಗಿಕ ಸೌಲಭ್ಯವಾಗಿ. ಪ್ರಾಯೋಗಿಕ ಎಂಬ ಹಣೆಪಟ್ಟಿ ಕಳಚಿದ್ದು 2024ರ 8.11.0ರಲ್ಲಿ. ಹಾಗಾಗಿ ಹಳೆಯ ಲಿನಕ್ಸ್ ಇರುವ ಯಂತ್ರದಲ್ಲಿ ಕೆಲಸ ಆರಂಭಿಸುವ ಮೊದಲು ಟರ್ಮಿನಲ್ಲಿನಲ್ಲಿ ಕರ್ಲ್‌ನ ಆವೃತ್ತಿ ಕೇಳಿ, ಉತ್ತರದಲ್ಲಿ ಬರುವ ಪ್ರೋಟೋಕಾಲುಗಳ ಸಾಲಿನಲ್ಲಿ ಡಬ್ಲ್ಯುಎಸ್ ಮತ್ತು ಡಬ್ಲ್ಯುಎಸ್ಎಸ್ ಎಂಬ ಹೆಸರುಗಳಿವೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಇಲ್ಲವಾದರೆ ಮುಂದಿನದೆಲ್ಲ ವ್ಯರ್ಥ ಶ್ರಮ.

ದತ್ತಾಂಶ ಪಡೆಯಲು ಇಲ್ಲಿ ಎರಡು ದಾರಿಗಳಿವೆ. ಸಂಪರ್ಕವನ್ನಷ್ಟೇ ಏರ್ಪಡಿಸುವಂತೆ ಲಿಬ್‌ಕರ್ಲ್‌ಗೆ ಹೇಳಿ, ಬೇಕಾದಾಗ ನಾವೇ ರಿಸೀವ್ ಫಂಕ್ಷನನ್ನು ಕರೆದು ಓದುವುದು ಒಂದು. ರೈಟ್ ಕಾಲ್‌ಬ್ಯಾಕ್ ಎಂಬ ಫಂಕ್ಷನನ್ನು ಮೊದಲೇ ನೋಂದಾಯಿಸಿ, ಏನಾದರೂ ಬಂದಾಗ ಲೈಬ್ರರಿಯೇ ಅದನ್ನು ಕರೆಯುವಂತೆ ಮಾಡುವುದು ಇನ್ನೊಂದು. ನನ್ನ ಪ್ರೋಗ್ರಾಮಿನಲ್ಲಿ ಪರದೆಯನ್ನು ಆಗಾಗ ಬದಲಿಸುವ ಮುಖ್ಯ ಆವರ್ತನವೊಂದು (ಲೂಪ್) ಮೊದಲೇ ಇತ್ತು. ಅದರೊಳಗೆ ಲಿಬ್‌ಕರ್ಲ್‌ನ ಮಲ್ಟಿ ಇಂಟರ್‌ಫೇಸ್ (ಕಾಯಿಸದೆ ಕೂಡಲೇ ಹಿಂದಿರುಗುವ ಫಂಕ್ಷನುಗಳ ಗುಂಪು) ಸಲೀಸಾಗಿ ಕೂರುತ್ತದೆಯಾದ್ದರಿಂದ ಎರಡನೆಯ ದಾರಿಯನ್ನು ಆರಿಸಿದೆ. ಈಸಿ ಇಂಟರ್‌ಫೇಸಿನ ಪರ್ಫಾರ್ಮ್ ಫಂಕ್ಷನನ್ನು ಬಳಸಿದರೆ ಸಂಪರ್ಕ ಮುಗಿಯುವವರೆಗೂ ಅದು ಹಿಂದಿರುಗುವುದಿಲ್ಲ. ಅಂಥ ಸಂದರ್ಭದಲ್ಲಿ ಬೇರೆ ಥ್ರೆಡ್ (ಜೊತೆಯಲ್ಲೇ ನಡೆಯುವ ಇನ್ನೊಂದು ಎಳೆ) ಬೇಕಾಗುತ್ತದೆ, ಥ್ರೆಡ್ ಬಂದ ಮೇಲೆ ಬೀಗಗಳೂ ಬರುತ್ತವೆ. ಮನೆಯ ಗೋಡೆಯ ಪರದೆಗೆ ಅಷ್ಟು ಆಡಂಬರ ಬೇಡ.

ಕಾಲ್‌ಬ್ಯಾಕಿಗೆ ನಾಲ್ಕು ಆರ್ಗ್ಯುಮೆಂಟುಗಳು ಬರುತ್ತವೆ: ಬೈಟುಗಳಿರುವ ಜಾಗದ ಪಾಯಿಂಟರ್ (ವಿಳಾಸ), ಯಾವಾಗಲೂ 1 ಆಗಿರುವ ಒಂದು ಗಾತ್ರ, ಬೈಟುಗಳ ಸಂಖ್ಯೆ, ಮತ್ತು ನಾವು ಮೊದಲೇ ಕೊಟ್ಟಿರುವ ವಾಯ್ಡ್ ಪಾಯಿಂಟರ್. ಫಂಕ್ಷನ್ ತಾನು ತೆಗೆದುಕೊಂಡ ಬೈಟುಗಳ ಸಂಖ್ಯೆಯನ್ನು ಹಿಂದಿರುಗಿಸಬೇಕು. ಬಂದದ್ದಕ್ಕಿಂತ ಬೇರೆ ಸಂಖ್ಯೆಯನ್ನು ಕೊಟ್ಟರೆ ಲಿಬ್‌ಕರ್ಲ್ ಅದನ್ನು ದೋಷವೆಂದು ತಿಳಿದು ಸಂಪರ್ಕವನ್ನೇ ನಿಲ್ಲಿಸುತ್ತದೆ. ಬೈಟುಗಳ ಕೊನೆಯಲ್ಲಿ ಸೊನ್ನೆ ಇರುವುದಿಲ್ಲವಾದ್ದರಿಂದ ಸೊನ್ನೆ ಸಿಗುವವರೆಗೆ ಓದುವ ಸಿ ಭಾಷೆಯ ಸಾಮಾನ್ಯ ಸ್ಟ್ರಿಂಗ್ ಫಂಕ್ಷನುಗಳಿಗೆ ಆ ಪಾಯಿಂಟರನ್ನು ನೇರವಾಗಿ ಕೊಡುವಂತಿಲ್ಲ. ಆ ಜಾಗ ಲೈಬ್ರರಿಯ ಸ್ವತ್ತು; ಕಾಲ್‌ಬ್ಯಾಕ್ ಮುಗಿಯುತ್ತಿದ್ದಂತೆ ಅಲ್ಲಿ ಬೇರೇನೋ ಬಂದು ಕೂರಬಹುದು. ಪಾಯಿಂಟರನ್ನು ಎತ್ತಿಟ್ಟುಕೊಂಡು ಆಮೇಲೆ ನೋಡೋಣ ಎಂದರೆ ನಡೆಯುವುದಿಲ್ಲ, ಬೈಟುಗಳನ್ನು ಆಗಲೇ ನಕಲು ಮಾಡಿಕೊಳ್ಳಬೇಕು.

ನಾಲ್ಕನೆಯ ಆರ್ಗ್ಯುಮೆಂಟಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಮೇಲೆ ಹೇಳಿದ ನೆನಪೆಲ್ಲ ಇರುವುದು ಅದರ ಹಿಂದೆಯೇ. ಬೇರೆ ಭಾಷೆಗಳಲ್ಲಿ ಕಾಲ್‌ಬ್ಯಾಕ್ ತನ್ನ ಸುತ್ತಲಿನ ವೇರಿಯಬಲ್‌ಗಳನ್ನು ತಾನೇ ಹೊತ್ತುಕೊಂಡು ಬರುತ್ತದೆ. ಸಿ ಭಾಷೆಯ ಫಂಕ್ಷನಿಗೆ ಅಂಥ ಗಂಟು ಇಲ್ಲ. ಗ್ಲೋಬಲ್ ವೇರಿಯಬಲ್ ಬಳಸಬಹುದಾದರೂ ಎರಡನೆಯ ಸಂಪರ್ಕವೊಂದು ಬೇಕಾದ ದಿನವೇ ಅದು ಕೈಕೊಡುತ್ತದೆ. ಆದ್ದರಿಂದ ಒಂದು ಸ್ಟ್ರಕ್ಚರ್ ಮಾಡಿ, ಅದರಲ್ಲಿ ಬಫರಿನ (ತುಣುಕುಗಳನ್ನು ಕೂಡಿಡುವ ಜಾಗದ) ಪಾಯಿಂಟರ್, ತುಂಬಿದ ಉದ್ದ, ಒಟ್ಟು ಸಾಮರ್ಥ್ಯ, ಸಂದೇಶದ ಬಗೆ, ಕೊನೆಯದಾಗಿ ಏನಾದರೂ ಬಂದ ಹೊತ್ತು ಮತ್ತು ಪೂರ್ಣ ಸಂದೇಶಗಳ ಸರದಿಯ ಪಾಯಿಂಟರ್ ಇವಿಷ್ಟನ್ನು ಇಟ್ಟು, ಆ ಸ್ಟ್ರಕ್ಚರಿನ ವಿಳಾಸವನ್ನು ಲಿಬ್‌ಕರ್ಲ್‌ಗೆ ಒಪ್ಪಿಸುತ್ತೇನೆ. ಪ್ರತಿ ಕರೆಯಲ್ಲಿಯೂ ಅದೇ ವಿಳಾಸ ಮರಳಿ ಬರುತ್ತದೆ. ಈ ಸ್ಟ್ರಕ್ಚರಿನ ಆಯುಸ್ಸು ಸಂಪರ್ಕದ ಆಯುಸ್ಸಿಗಿಂತ ಕಡಿಮೆ ಇರಬಾರದು. ಸಂಪರ್ಕ ಏರ್ಪಡಿಸುವ ಫಂಕ್ಷನಿನೊಳಗೆ ಲೋಕಲ್ ವೇರಿಯಬಲ್ಲಾಗಿ ಅದನ್ನು ಘೋಷಿಸಿ ಆ ಫಂಕ್ಷನಿನಿಂದ ಹೊರಗೆ ಬಂದರೆ, ಮೊದಲ ಫ್ರೇಮ್ ಬರುವ ಹೊತ್ತಿಗೆ ಆ ವಿಳಾಸದಲ್ಲಿ ಏನಿರುತ್ತದೆಂಬುದಕ್ಕೆ ಖಾತರಿಯಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಲಿಬ್‌ಕರ್ಲ್‌ನ ಸೆಟ್‌ಆಪ್ಟ್ ಎಂಬ, ಆಯ್ಕೆಗಳನ್ನು ತಿಳಿಸುವ ಫಂಕ್ಷನಿನ ಆರ್ಗ್ಯುಮೆಂಟುಗಳ ಬಗೆ ನಿಗದಿಯಾಗಿಲ್ಲವಾದ್ದರಿಂದ ತಪ್ಪು ಬಗೆಯ ಪಾಯಿಂಟರನ್ನು ಕೊಟ್ಟರೂ ಕಂಪೈಲರ್ ಸುಮ್ಮನಿರಬಹುದು, ಮತ್ತು ಸಂಖ್ಯೆಗಳನ್ನು ಲಾಂಗ್ ಬಗೆಯಲ್ಲಿಯೇ ಕೊಡುವ ಎಚ್ಚರ ನಮಗಿರಬೇಕು.

ಇನ್ನು ತುಣುಕುಗಳ ವಿಷಯ. ಇಲ್ಲಿ ಮೂರು ಮಟ್ಟಗಳಿವೆ. ಸಂದೇಶ ಎಂಬುದು ಕಳಿಸಿದವನ ದೃಷ್ಟಿಯ ಒಂದು ಘಟಕ. ಒಂದು ಸಂದೇಶ ಒಂದಕ್ಕಿಂತ ಹೆಚ್ಚು ಫ್ರೇಮುಗಳಾಗಿ ಬರಬಹುದು. ಒಂದು ಫ್ರೇಮು ಕೂಡ ಇಡಿಯಾಗಿ ನಮ್ಮ ಕೈಗೆ ಬರಬೇಕೆಂದಿಲ್ಲ. ಟಿಸಿಪಿ ಎಷ್ಟನ್ನು ತಂದುಕೊಟ್ಟಿತೋ ಅಷ್ಟನ್ನು, ಸಾಮಾನ್ಯವಾಗಿ ಹೆಚ್ಚೆಂದರೆ 16 ಕೆಬಿಯಷ್ಟನ್ನು, ಲಿಬ್‌ಕರ್ಲ್ ಒಂದು ಕರೆಯಲ್ಲಿ ಕೊಡುತ್ತದೆ. ಕಾಲ್‌ಬ್ಯಾಕಿನ ಒಳಗಿನಿಂದ ಮೆಟಾ ಫಂಕ್ಷನನ್ನು ಕರೆದರೆ ಪುಟ್ಟ ಸ್ಟ್ರಕ್ಚರೊಂದರ ವಿಳಾಸ ಸಿಗುತ್ತದೆ. ಈ ತುಣುಕು ಫ್ರೇಮಿನಲ್ಲಿ ಎಲ್ಲಿಂದ ಆರಂಭವಾಗುತ್ತದೆ, ಆ ಫ್ರೇಮಿನಲ್ಲಿ ಇನ್ನೆಷ್ಟು ಬೈಟು ಬಾಕಿಯಿದೆ, ಫ್ರೇಮಿನ ಬಗೆ ಯಾವುದು ಎಂಬುದು ಅದರಲ್ಲಿರುತ್ತದೆ.

ಆರ್‌ಎಫ್‌ಸಿಯನ್ನು ಮೊದಲು ಓದಿ ಲಿಬ್‌ಕರ್ಲ್‌ಗೆ ಬರುವವರು ಎಡವುವ ಜಾಗ ಇಲ್ಲಿಯೇ ಇದೆ. ಆರ್‌ಎಫ್‌ಸಿಯಲ್ಲಿ ಕಂಟಿನ್ಯುಯೇಶನ್ ಫ್ರೇಮ್ ಎಂದರೆ ಹಿಂದಿನ ಫ್ರೇಮಿನ ಮುಂದುವರಿಕೆ. ಲಿಬ್‌ಕರ್ಲ್ ಕೊಡುವ ಕಾಂಟ್ ಎಂಬ ಗುರುತು ಮುಂದಕ್ಕೆ ನೋಡುತ್ತದೆ: ಇದೇ ಸಂದೇಶದ ಇನ್ನೊಂದು ಭಾಗ ಬರಲಿದೆ ಎಂದು ಅದರ ದಾಖಲೆ ಹೇಳುತ್ತದೆ. ಆದ್ದರಿಂದ ಸಂದೇಶ ಪೂರ್ಣವಾಗಿದೆ ಎಂದು ನಿರ್ಧರಿಸಲು ಎರಡು ಷರತ್ತುಗಳು ಒಟ್ಟಿಗೆ ಈಡೇರಬೇಕು. ಫ್ರೇಮಿನಲ್ಲಿ ಬಾಕಿ ಬೈಟುಗಳು ಸೊನ್ನೆಯಾಗಿರಬೇಕು, ಕಾಂಟ್ ಗುರುತು ಇಲ್ಲದಿರಬೇಕು. ಬಾಕಿ ಸೊನ್ನೆಯಾಯಿತೆಂದು ಮಾತ್ರ ನೋಡಿದರೆ ಫ್ರೇಮು ಮುಗಿದದ್ದು ತಿಳಿಯುತ್ತದೆ, ಸಂದೇಶ ಮುಗಿದದ್ದು ತಿಳಿಯುವುದಿಲ್ಲ. ಹಾಗೆಯೇ ತುಣುಕನ್ನು ಬಫರಿಗೆ ಸೇರಿಸುವ ಮೊದಲು ಅದು ನಿಯಂತ್ರಣ ಫ್ರೇಮಿನದೇ ಎಂದು ಪರೀಕ್ಷಿಸಬೇಕು. ಮಧ್ಯದಲ್ಲಿ ತೂರಿ ಬಂದ ಪಾಂಗ್‌ನ ಹೂರಣ ಅಪ್ಪಯ್ಯನ ಟಿಪ್ಪಣಿಯ ನಡುವೆ ಸೇರಿಕೊಂಡರೆ ಓದುವವರಿಗೆ ದೇವರೇ ಗತಿ.

ಇವೆಲ್ಲ ಪುಸ್ತಕದ ಎಚ್ಚರಿಕೆಗಳೆಂದು ಅನ್ನಿಸುವುದು ಸಹಜ, ಏಕೆಂದರೆ ಸಾಧಾರಣ ದಿನಗಳಲ್ಲಿ ಇವು ಯಾವುವೂ ಕಣ್ಣಿಗೆ ಬೀಳುವುದಿಲ್ಲ. ಬಟ್ಟಲು ಒಂದು ಸಲ ಮಗುಚಿದ ಸುದ್ದಿ ಜೇಸನ್ ಎಂಬ ಪಠ್ಯ ರೂಪದಲ್ಲಿ ಸುಮಾರು 60 ಬೈಟಿನದು. ಅದು ಒಂದೇ ಫ್ರೇಮಿನಲ್ಲಿ, ಒಂದೇ ಕರೆಯಲ್ಲಿ ಬರುತ್ತದೆ, ಮತ್ತು ಒಂದು ಕರೆ ಎಂದರೆ ಒಂದು ಸಂದೇಶ ಎಂದು ನಂಬಿ ಬರೆದ ಪ್ರೋಗ್ರಾಮು ಬೇಸಿಗೆಯಿಡೀ ಸರಿಯಾಗಿಯೇ ನಡೆಯುತ್ತದೆ. ಮಳೆಗಾಲದಲ್ಲಿ ಘಟ್ಟದ ಮೇಲೆ ಮರ ಬಿದ್ದು ರಾತ್ರಿಯಿಡೀ ಕರೆಂಟು ಹೋಗಿ, ಬೆಳಿಗ್ಗೆ ಮೊಬೈಲ್ ಟವರಿಗೆ ಜೀವ ಬಂದಾಗ ಪರಿಸ್ಥಿತಿ ಬೇರೆಯಾಗುತ್ತದೆ. ಒಂದು ರಾತ್ರಿಯಲ್ಲಿ 100 ಮಿ.ಮೀ. ಮಳೆ ಬಂದಿದ್ದರೆ ಬಟ್ಟಲು 500 ಸಲ ಮಗುಚಿರುತ್ತದೆ. ಬ್ಯಾಟರಿಯಲ್ಲಿ ನಡೆಯುತ್ತಿದ್ದ ಪೈ ಎಣಿಸಿಟ್ಟುಕೊಂಡ ಆ ಬಾಕಿಯೆಲ್ಲ ಒಂದೇ ಸಂದೇಶವಾಗಿ ಬಂದರೆ ಅದು 30,000 ಬೈಟಿನಷ್ಟಾಗುತ್ತದೆ. 16 ಕೆಬಿಯ ಮಿತಿಯಿರುವ ಕರೆಯೊಂದರಲ್ಲಿ ಅದು ಹಿಡಿಸುವುದಿಲ್ಲ. ಅಂದರೆ ಮಳೆಯ ಲೆಕ್ಕ ನಿಜವಾಗಿ ಬೇಕಾಗಿರುವ ಬೆಳಿಗ್ಗೆಯೇ ಸಂದೇಶ ತುಣುಕಾಗಿ ಬರುತ್ತದೆ.

ಕನ್ನಡ ಪಠ್ಯಕ್ಕೆ ಇದರ ಮೇಲೆ ಇನ್ನೊಂದು ತೊಡಕಿದೆ. ವೆಬ್‌ಸಾಕೆಟ್‌ನ ಪಠ್ಯ ಸಂದೇಶ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಎಂಬ ರೂಪದಲ್ಲಿಯೇ ಇರಬೇಕೆಂಬುದು ನಿಯಮ, ಮತ್ತು ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಯೂನಿಕೋಡ್ ಚಿಹ್ನೆಗೂ ಮೂರು ಬೈಟುಗಳು ಬೇಕು: ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179, ಮೂರನೆಯದು ಮಾತ್ರ ಅಕ್ಷರಕ್ಕೆ ತಕ್ಕಂತೆ ಬದಲಾಗುವಂಥದು. "ಮಳೆ" ಎಂಬ ಪದದಲ್ಲಿ ಮ, ಳ ಮತ್ತು ಎತ್ವದ ಚಿಹ್ನೆ ಸೇರಿ ಮೂರು ಚಿಹ್ನೆಗಳು, ಒಟ್ಟು ಒಂಬತ್ತು ಬೈಟುಗಳು. ಬರೀ ಕನ್ನಡ ಚಿಹ್ನೆಗಳೇ ಇದ್ದರೆ 41 ಚಿಹ್ನೆಗಳಿಗೆ ಫ್ರೇಮಿನ ಚಿಕ್ಕ ತಲೆ ಸಾಕು, 42ನೆಯದು ಬಂದರೆ 126 ಬೈಟಾಗಿ ದೊಡ್ಡ ತಲೆ ಬೇಕಾಗುತ್ತದೆ. ತುಣುಕು ಎಲ್ಲಿ ಮುರಿಯಬೇಕೆಂಬುದನ್ನು ನಿರ್ಧರಿಸುವ ಜಾಲಕ್ಕೆ ಅಕ್ಷರಗಳ ಪರಿವೆಯಿಲ್ಲ. ಮೂರರ ಪೈಕಿ ಒಂದೇ ಬೈಟಿಗೆ ತುಣುಕು ಕೊನೆಯಾಗಬಹುದು. ಅದೃಷ್ಟವಶಾತ್ ಚಿಹ್ನೆಯ ಅಂಚಿನಲ್ಲಿಯೇ ಮುರಿದರೂ, "ಹೊಡೆಯುತ್ತಿದ್ದಾರೆ" ಎಂಬುದರ ಒತ್ತಕ್ಷರದ ನಡುವೆ ಕಡಿದರೆ ಅರ್ಧಕ್ಕೆ ಹಲಂತವಾಗಿ ನಿಂತ ಪದ ಪರದೆಯಲ್ಲಿ ಕಾಣಿಸುತ್ತದೆ. ತುಣುಕು ಬಂದಂತೆಲ್ಲ ಪರದೆಗೆ ಬರೆಯುವ ಆಸೆಯನ್ನು ಬಿಟ್ಟು, ಸಂದೇಶ ಪೂರ್ಣವಾದ ಮೇಲೆ ಅದರ ಯುಟಿಎಫ್-8 ಸರಿಯಿದೆಯೇ ಎಂದು ಒಮ್ಮೆ ಪರೀಕ್ಷಿಸಿ, ಆಮೇಲೆಯೇ ತೋರಿಸುವುದು ಇದಕ್ಕೆ ಸರಳ ಪರಿಹಾರ. ತುಣುಕು ತುಣುಕಾಗಿ ಪರೀಕ್ಷಿಸುವ ವಿಧಾನಗಳೂ ಇವೆ, ಆದರೆ ಅವು ದೊಡ್ಡ ಸರ್ವರುಗಳಿಗೆ ತಕ್ಕವು.

ಬಫರನ್ನು ಬೆಳೆಸುವಾಗ ಸಾಮರ್ಥ್ಯವನ್ನು ಇಮ್ಮಡಿಗೊಳಿಸುತ್ತ ಹೋಗುತ್ತೇನೆ. ಮೆಮೊರಿಯನ್ನು ಹಿಗ್ಗಿಸುವ ರಿಯಲಾಕ್ ಫಂಕ್ಷನಿನ ಉತ್ತರವನ್ನು ಮೊದಲು ಬೇರೆ ಪಾಯಿಂಟರಿಗೆ ತೆಗೆದುಕೊಂಡು, ಅದು ನಲ್ (ಖಾಲಿ ವಿಳಾಸ) ಅಲ್ಲವೆಂದು ಖಚಿತವಾದ ಮೇಲೆಯೇ ಹಳೆಯದರ ಜಾಗಕ್ಕೆ ಹಾಕಬೇಕು. ಫ್ರೇಮಿನ ತಲೆಯಲ್ಲಿ ಬರೆದಿರುವ ಉದ್ದವನ್ನು ನಂಬಿ ಅಷ್ಟು ಮೆಮೊರಿಯನ್ನು ಒಮ್ಮೆಗೇ ಕೇಳುವುದನ್ನು ನಾನು ಒಪ್ಪುವುದಿಲ್ಲ. ಎದುರಿನವನು ಅಲ್ಲಿ ಯಾವ ಸಂಖ್ಯೆಯನ್ನಾದರೂ ಬರೆಯಬಹುದು. ನನ್ನ ಸ್ಟ್ರಕ್ಚರಿನಲ್ಲಿ 64 ಕೆಬಿಯ ಮಿತಿಯಿದೆ. ಅದು ಮೀರಿದರೆ ಕಾಲ್‌ಬ್ಯಾಕ್ ಸೊನ್ನೆಯನ್ನು ಹಿಂದಿರುಗಿಸುತ್ತದೆ, ಸಂಪರ್ಕ ಕಡಿಯುತ್ತದೆ, ಕಾರಣ ಲಾಗ್‌ನಲ್ಲಿ ಉಳಿಯುತ್ತದೆ.

ಪೂರ್ಣವಾದ ಸಂದೇಶವನ್ನು ಕಾಲ್‌ಬ್ಯಾಕಿನಲ್ಲಿಯೇ ಬಿಡಿಸಿ, ಕಡತಕ್ಕೆ ಬರೆದು, ಪರದೆಯನ್ನು ಬದಲಿಸಿಬಿಡೋಣ ಎಂಬ ಯೋಚನೆ ಯಾರಿಗಾದರೂ ಬರುತ್ತದೆ. ಕಾಲ್‌ಬ್ಯಾಕ್ ನಡೆಯುತ್ತಿರುವುದು ಲಿಬ್‌ಕರ್ಲ್‌ನ ಪರ್ಫಾರ್ಮ್ ಫಂಕ್ಷನಿನ ಒಳಗೆ, ಅದೇ ಥ್ರೆಡ್ಡಿನಲ್ಲಿ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಮೇಲಿನಿಂದ ಕೊನೆಗೌಡ ಹಗ್ಗದಲ್ಲಿ ಕೊನೆ ಇಳಿಸುತ್ತಿರುವಾಗ ಕೆಳಗೆ ಹಿಡಿಯುವವನು ಒಂದೊಂದು ಕೊನೆಯನ್ನೂ ಅಲ್ಲಿಯೇ ಕೂತು ಸುಲಿಯತೊಡಗಿದರೆ ಮರದ ಮೇಲಿನವನು ಸುಮ್ಮನೆ ತೂಗಾಡಬೇಕಾಗುತ್ತದೆ. ಎಸ್‌ಡಿ ಕಾರ್ಡಿಗೆ ಬರೆದು ಅದು ಕಾರ್ಡಿಗೆ ಇಳಿಯುವವರೆಗೆ ಕಾದರೆ ಅಷ್ಟು ಹೊತ್ತು ಲಿಬ್‌ಕರ್ಲ್ ಬೇರೇನನ್ನೂ ಓದುವುದಿಲ್ಲ, ಪಿಂಗ್‌ಗೆ ಪಾಂಗ್ ಕಳಿಸುವುದಿಲ್ಲ. ಇತ್ತ ನಮ್ಮಿಂದ ಉತ್ತರವಿಲ್ಲವೆಂದು ಸರ್ವರ್ ಸಂಪರ್ಕವನ್ನು ಮುಚ್ಚಿಯೂಬಿಡಬಹುದು. ಆದ್ದರಿಂದ ನನ್ನ ಕಾಲ್‌ಬ್ಯಾಕ್ ಮಾಡುವುದು ಮೂರೇ ಕೆಲಸ: ನಕಲು, ಗುರುತು ಹಾಕಿಕೊಳ್ಳುವುದು, ಪೂರ್ಣವಾಗಿದ್ದರೆ ಸರದಿಗೆ ಸೇರಿಸುವುದು. ಉಳಿದದ್ದನ್ನು ಮುಖ್ಯ ಆವರ್ತನ ತನ್ನ ಹೊತ್ತಿನಲ್ಲಿ ನೋಡಿಕೊಳ್ಳುತ್ತದೆ. ಸಂಪರ್ಕದ ಹ್ಯಾಂಡಲನ್ನು ಅದರದೇ ಕಾಲ್‌ಬ್ಯಾಕಿನೊಳಗಿನಿಂದ ಮುಕ್ತಗೊಳಿಸುವುದಂತೂ ನಿಷಿದ್ಧ. ಮುಚ್ಚಬೇಕೆಂದು ಒಂದು ಗುರುತನ್ನು ಹಾಕಿ ಹೊರಗೆ ಬಂದು ಮುಚ್ಚಬೇಕು.

ಹೀಗೆ ಕಾಲ್‌ಬ್ಯಾಕನ್ನು ತೆಳ್ಳಗೆ ಇಡುವುದರಿಂದ ಪರೀಕ್ಷೆಯೂ ಸುಲಭವಾಗುತ್ತದೆ. ಮೆಟಾದಿಂದ ಗುರುತುಗಳನ್ನು ಮತ್ತು ಬಾಕಿಯನ್ನು ಓದಿಕೊಳ್ಳುವುದಷ್ಟೇ ಕಾಲ್‌ಬ್ಯಾಕಿನ ಪಾಲು. ಜೋಡಿಸುವ ಕೆಲಸ ಲಿಬ್‌ಕರ್ಲ್‌ನ ಹೆಸರೇ ಇಲ್ಲದ ಇನ್ನೊಂದು ಫಂಕ್ಷನಿನದು. ಅದಕ್ಕೆ ಜಾಲವೇ ಇಲ್ಲದೆ, ಕನ್ನಡದ ಒಂದು ವಾಕ್ಯವನ್ನು ಒಂದೊಂದೇ ಬೈಟಾಗಿ, ನಡುವೆ ಸುಳ್ಳು ಪಾಂಗ್‌ಗಳನ್ನು ತೂರಿಸಿ ಉಣಿಸಬಹುದು. ಮೆಮೊರಿಯ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಹಾಕಿ ಕಂಪೈಲ್ ಮಾಡಿ ಈ ಪರೀಕ್ಷೆ ನಡೆಸಿದರೆ ಬಫರಿನ ಅಂಚು ದಾಟುವ ತಪ್ಪುಗಳು ಕೂಡಲೇ ಸಿಕ್ಕಿಬೀಳುತ್ತವೆ. ಘಟ್ಟದ ಮೇಲೆ ಮರ ಬೀಳುವವರೆಗೆ ಕಾಯಬೇಕಾಗಿಲ್ಲ.

ಸಂಪರ್ಕ ಸತ್ತದ್ದನ್ನು ತಿಳಿಯುವುದು ಬೇರೆಯೇ ಸಮಸ್ಯೆ. ಏನೂ ಬರದಿದ್ದರೆ ಕಾಲ್‌ಬ್ಯಾಕ್ ಕರೆಯಲ್ಪಡುವುದಿಲ್ಲ, ಮತ್ತು ಕರೆ ಬರದಿರುವುದಕ್ಕೆ ಮಳೆ ನಿಂತಿರುವುದೂ ಕಾರಣವಾಗಿರಬಹುದು, ದಾರಿ ಕಡಿದಿರುವುದೂ ಕಾರಣವಾಗಿರಬಹುದು. ಹೇಳದೆ ಕೇಳದೆ ತುಂಡಾದ ಟಿಸಿಪಿ ಸಂಪರ್ಕ ನಮ್ಮ ಕಡೆಗೆ ಜೀವಂತವಾಗಿಯೇ ಕಾಣುತ್ತದೆ. ಲಿನಕ್ಸ್‌ನ ಕೀಪ್‌ಅಲೈವ್ (ಸಂಪರ್ಕ ಬದುಕಿದೆಯೇ ಎಂದು ವಿಚಾರಿಸುವ ಸೌಲಭ್ಯ) ಬಳಸಿದರೂ ಅದರ ಮೂಲ ಹೊಂದಾಣಿಕೆಯಲ್ಲಿ ಮೊದಲ ವಿಚಾರಣೆ 7200 ಸೆಕೆಂಡುಗಳ ನಂತರ. ಪಿಂಗ್ ಬಂದಾಗ ಲಿಬ್‌ಕರ್ಲ್ ತಾನೇ ಪಾಂಗ್ ಕಳಿಸಿ ಮುಗಿಸುವುದರಿಂದ, ಅದು ನಮ್ಮ ಕಾಲ್‌ಬ್ಯಾಕಿನವರೆಗೆ ಬರುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಹಾಗಾಗಿ ನನ್ನ ಸರ್ವರ್ 30 ಸೆಕೆಂಡಿಗೊಮ್ಮೆ ಪುಟ್ಟ ಪಠ್ಯ ಸಂದೇಶವೊಂದನ್ನು ಕಳಿಸುತ್ತದೆ. ಕಾಲ್‌ಬ್ಯಾಕ್ ಪ್ರತಿ ಸಲವೂ ಹಿಂದಕ್ಕೆ ಸರಿಯದ ಮೊನೊಟೋನಿಕ್ ಗಡಿಯಾರದ ಹೊತ್ತನ್ನು ಬರೆದಿಡುತ್ತದೆ. 90 ಸೆಕೆಂಡು ಮೌನವಿದ್ದರೆ ಮುಖ್ಯ ಆವರ್ತನ ಸಂಪರ್ಕವನ್ನು ಕೈಬಿಟ್ಟು ಹೊಸದನ್ನು ತೆರೆಯುತ್ತದೆ. ಒಟ್ಟು ವರ್ಗಾವಣೆಗೆ ಕಾಲಮಿತಿ ಹಾಕುವ ಟೈಮ್‌ಔಟ್ ಆಯ್ಕೆಯನ್ನು ಇಲ್ಲಿ ಬಳಸಬಾರದು, ಅದು ಚೆನ್ನಾಗಿರುವ ಸಂಪರ್ಕವನ್ನೂ ಹೊತ್ತಾಯಿತೆಂದು ಕೊಲ್ಲುತ್ತದೆ. ಸಂಪರ್ಕ ಏರ್ಪಡುವ ಹಂತಕ್ಕೆ ಮಾತ್ರ ಅನ್ವಯಿಸುವ ಬೇರೆ ಮಿತಿಯಿದೆ, ಅದು ಸಾಕು.

ಸರ್ವರ್ ಕ್ರಮಬದ್ಧವಾಗಿ ಮುಚ್ಚಿದರೆ ಕ್ಲೋಸ್ ಫ್ರೇಮ್ ಬರುತ್ತದೆ. ಹೂರಣವಿದ್ದರೆ ಅದರ ಮೊದಲ ಎರಡು ಬೈಟುಗಳು ಕಾರಣದ ಸಂಖ್ಯೆ. 1000 ಎಂದರೆ ಕೆಲಸ ಮುಗಿಯಿತು, 1001 ಎಂದರೆ ಸರ್ವರ್ ಹೊರಟಿದೆ, 1007 ಎಂದರೆ ಪಠ್ಯದ ಯುಟಿಎಫ್-8 ಕೆಟ್ಟಿದೆ. ಹೂರಣವೇ ಇಲ್ಲದ ಕ್ಲೋಸ್ ಕೂಡ ಸಿಂಧುವಾದ್ದರಿಂದ ಉದ್ದ ನೋಡದೆ ಎರಡು ಬೈಟು ಓದುವಂತಿಲ್ಲ. ಪ್ರತಿಯಾಗಿ ನಮ್ಮಿಂದಲೂ ಒಂದು ಕ್ಲೋಸ್ ಹೋಗಬೇಕು, ಅದನ್ನು ಮುಖ್ಯ ಆವರ್ತನ ಕಳಿಸುತ್ತದೆ.

ಹೊಸ ಸಂಪರ್ಕ ತೆರೆಯುವ ಮೊದಲು ಸ್ಟ್ರಕ್ಚರಿನಲ್ಲಿ ಉಳಿದ ಅರ್ಧ ಸಂದೇಶವನ್ನು ಎಸೆದು ಉದ್ದವನ್ನು ಸೊನ್ನೆ ಮಾಡಬೇಕು. ಇಲ್ಲವಾದರೆ ನಿನ್ನೆಯ ರಾತ್ರಿಯ ಅರ್ಧಕ್ಕೆ ಇಂದಿನ ಬೆಳಗಿನ ಮೊದಲ ತುಣುಕು ಅಂಟಿಕೊಳ್ಳುತ್ತದೆ. ಮರುಪ್ರಯತ್ನದ ನಡುವಿನ ಕಾಯುವಿಕೆಯನ್ನು 1 ಸೆಕೆಂಡಿನಿಂದ ಆರಂಭಿಸಿ ಇಮ್ಮಡಿಯಾಗಿಸುತ್ತ 60 ಸೆಕೆಂಡಿಗೆ ನಿಲ್ಲಿಸುತ್ತೇನೆ. ಪ್ರತಿ ಮಗುಚುವಿಕೆಗೂ ಪೈ ಒಂದು ಕ್ರಮಸಂಖ್ಯೆ ಕೊಡುತ್ತದೆ. ಕಡೆಯದಾಗಿ ಪೂರ್ಣವಾಗಿ ಬಂದ ಸಂಖ್ಯೆಯನ್ನು ಕಾರವಾರದ ಯಂತ್ರ ಹೊಸ ಸಂಪರ್ಕದ ವಿಳಾಸದಲ್ಲಿ ಸೇರಿಸಿ ಕಳಿಸಿದರೆ, ಸರ್ವರ್ ಅದರ ಮುಂದಿನವನ್ನು ಮಾತ್ರ ಕೊಡುತ್ತದೆ. ಎರಡು ಮೂರು ದಿನ ದಾರಿ ಕಡಿದಿದ್ದರೆ ಬಾಕಿ 64 ಕೆಬಿಯ ಮಿತಿಯನ್ನು ದಾಟಬಹುದಾದ್ದರಿಂದ, ಒಂದು ಸಂದೇಶಕ್ಕೆ 500 ಮಗುಚುವಿಕೆಗಿಂತ ಹೆಚ್ಚು ತುಂಬದೆ, ಉಳಿದವನ್ನು ಬೇರೆ ಬೇರೆ ಸಂದೇಶಗಳಾಗಿ ಕಳಿಸುವಂತೆ ಸರ್ವರಿನ ಕಡೆಯನ್ನು ಬರೆದಿದ್ದೇನೆ.